ಪದಗಳೆಲ್ಲ ಗೊತ್ತು, ವಾಕ್ಯ ಮಾತ್ರ ಕೂಡುವುದಿಲ್ಲ: ಮಕ್ಕಳಿಗೆ ಇಂಗ್ಲಿಷ್ ವಾಕ್ಯರಚನೆ ಕಲಿಸುವುದು ಎಲ್ಲಿಂದ?

ಪ್ರಶ್ನೆ: ನನ್ನ ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಇಂಗ್ಲಿಷ್ ಪದಗಳ ಅರ್ಥ, ಸ್ಪೆಲ್ಲಿಂಗ್ ಅವಳಿಗೆ ಚೆನ್ನಾಗಿ ಗೊತ್ತು. ನೌನ್ ಎಂದರೇನು, ವರ್ಬ್ ಎಂದರೇನು ಎಂದು ಕೇಳಿದರೆ ಥಟ್ಟನೆ ಹೇಳುತ್ತಾಳೆ. ಆದರೆ ಗೆಳತಿಯ ಬಗ್ಗೆ ನಾಲ್ಕು ಸಾಲು ಬರೆ ಎಂದಾಗ ಹೀಗೆ ಬರೆದಳು: “ಮೈ ಫ್ರೆಂಡ್ ವೆರಿ ಟಾಲ್. ಶೀ ಎವ್ರಿ ಡೇ ಬೈ ಸೈಕಲ್ ಟು ಸ್ಕೂಲ್ ಕಮಿಂಗ್. ಟು ಮೀ ಹರ್ ವೆರಿ ಲೈಕ್. ಯೆಸ್ಟರ್ಡೇ ಡಿಡ್ ನಾಟ್ ಕೇಮ್. ವೈ ಶೀ ಡಿಡ್ ನಾಟ್ ಕೇಮ್?” ಇದನ್ನು ತಿದ್ದುವುದು ಎಲ್ಲಿಂದ? ವ್ಯಾಕರಣದ ಪುಸ್ತಕ ಹಿಡಿದು ಮೊದಲ ಪಾಠದಿಂದ ಹೇಳಿಕೊಡಬೇಕೇ? ಕನ್ನಡದಲ್ಲಿ ವಿವರಿಸಿದರೆ ಮಗು ಇಂಗ್ಲಿಷಿನಲ್ಲಿ ಯೋಚಿಸುವುದನ್ನು ಕಲಿಯುವುದೇ ಇಲ್ಲ ಎನ್ನುತ್ತಾರೆ, ಅದು ನಿಜವೇ?

ಉತ್ತರ: ನಿಮ್ಮ ಮಗಳು ಬರೆದ ಐದು ವಾಕ್ಯಗಳನ್ನು ಇನ್ನೊಮ್ಮೆ, ಈ ಸಲ ಒಂದೊಂದನ್ನೂ ಕನ್ನಡದಲ್ಲಿ ಹೇಳಿಕೊಳ್ಳುತ್ತ ಓದಿ ನೋಡಿ. “ನನ್ನ ಗೆಳತಿ ತುಂಬ ಎತ್ತರ. ಅವಳು ದಿನಾಲೂ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಾಳೆ. ನನಗೆ ಅವಳೆಂದರೆ ತುಂಬ ಇಷ್ಟ. ನಿನ್ನೆ ಬರಲಿಲ್ಲ. ಯಾಕೆ ಅವಳು ಬರಲಿಲ್ಲ?” ಇದರಲ್ಲಿ ಒಂದು ತಪ್ಪೂ ಇಲ್ಲ. ಅವಳು ಕನ್ನಡದ ವಾಕ್ಯವನ್ನು ಮನಸ್ಸಿನಲ್ಲಿ ಸರಿಯಾಗಿಯೇ ಕಟ್ಟಿಕೊಂಡು, ಪದಗಳನ್ನು ಮಾತ್ರ ಬದಲಾಯಿಸಿದ್ದಾಳೆ. ಆದ್ದರಿಂದ ಇವು ಅಜಾಗರೂಕತೆಯ ತಪ್ಪುಗಳಲ್ಲ. ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ನಿಷ್ಠೆಯಿಂದ ಅನ್ವಯಿಸಿದ್ದರ ಫಲ. ಇಂಥ ತಪ್ಪಿಗೆ “ಗಮನವಿಟ್ಟು ಬರೆ” ಎಂದು ಗದರುವುದರಿಂದ ಪ್ರಯೋಜನವಿಲ್ಲ, ಯಾಕೆಂದರೆ ಗಮನವಿಟ್ಟೇ ಬರೆದಿದ್ದಾಳೆ. ಅವಳಿಗೆ ಯಾರೂ ಹೇಳದೆ ಉಳಿಸಿರುವ ಸಂಗತಿ ಒಂದೇ: ಕನ್ನಡದಲ್ಲಿ ಪದದ ಕೊನೆಯಲ್ಲಿ ಅಂಟಿಕೊಳ್ಳುವ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಪದ ನಿಂತ ಜಾಗವೇ ಮಾಡುತ್ತದೆ. ಪಾಠವನ್ನು ಇಲ್ಲಿಂದಲೇ ಆರಂಭಿಸಬೇಕು.

(ಇಲ್ಲಿ ಓದಿನ ಅನುಕೂಲಕ್ಕಾಗಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಮಗಳೊಂದಿಗೆ ಕುಳಿತಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ, ಮೊದಲ ಅಕ್ಷರ ದೊಡ್ಡದಾಗಿಯೂ ಕೊನೆಯಲ್ಲಿ ಚುಕ್ಕಿಯೊಂದಿಗೂ.)

“ಬೆಕ್ಕು ನಾಯಿಯನ್ನು ಓಡಿಸಿತು” ಎಂಬ ವಾಕ್ಯವನ್ನು ಅವಳ ಮುಂದಿಡಿ. ಮೂರು ಪದಗಳನ್ನು ಮೂರು ಚೀಟಿಗಳಲ್ಲಿ ಬರೆದುಕೊಟ್ಟು, ಹೇಗೆ ಬೇಕಾದರೂ ಜೋಡಿಸು ಎನ್ನಿ. “ನಾಯಿಯನ್ನು ಬೆಕ್ಕು ಓಡಿಸಿತು”, “ಓಡಿಸಿತು ಬೆಕ್ಕು ನಾಯಿಯನ್ನು”: ಒತ್ತು ಬದಲಾಗುತ್ತದೆ, ಮಾತಿನ ಧಾಟಿ ಬದಲಾಗುತ್ತದೆ, ಆದರೆ ಓಡಿಸಿದ್ದು ಬೆಕ್ಕೇ, ಓಡಿದ್ದು ನಾಯಿಯೇ. “ಅನ್ನು” ಎಂಬ ಪ್ರತ್ಯಯ ನಾಯಿಯ ಬೆನ್ನಿಗಿರುವ ತನಕ ಅದು ವಾಕ್ಯದಲ್ಲಿ ಎಲ್ಲಿ ನಿಂತರೂ ಕರ್ಮವೇ ಆಗಿರುತ್ತದೆ. ಈಗ ಇಂಗ್ಲಿಷಿನ ಚೀಟಿಗಳನ್ನು ಕೊಡಿ: “ದ ಕ್ಯಾಟ್”, “ಚೇಸ್ಡ್”, “ದ ಡಾಗ್”. ಕ್ಯಾಟ್ ಮತ್ತು ಡಾಗ್ ಚೀಟಿಗಳನ್ನು ಅದಲುಬದಲು ಮಾಡಿದ ಕೂಡಲೇ ಓಡಿಸಿದವರು ಯಾರು, ಓಡಿದವರು ಯಾರು ಎಂಬುದೇ ತಿರುಗಿಬೀಳುತ್ತದೆ. ಪದಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಜಾಗ ಮಾತ್ರ. ಚೀಟಿಗಳನ್ನು ತಾನೇ ಸರಿಸಿ, ಅರ್ಥ ತಲೆಕೆಳಗಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಎಂಬ ಕ್ರಮ ಯಾಕೆ ಬೇಕು ಎಂಬುದನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ. ನೌನ್ ಎಂದರೆ ಹೆಸರನ್ನು ಸೂಚಿಸುವ ಪದ ಎಂಬ ವ್ಯಾಖ್ಯೆಯನ್ನು ಎಷ್ಟು ಸಲ ಒಪ್ಪಿಸಿದರೂ ಈ ತಿಳಿವಳಿಕೆ ಬರುವುದಿಲ್ಲ, ಏಕೆಂದರೆ ಆ ವ್ಯಾಖ್ಯೆಯಲ್ಲಿ ಜಾಗದ ಮಾತೇ ಇಲ್ಲ.

ಇಂಗ್ಲಿಷ್ ಮೊದಲಿನಿಂದ ಹೀಗಿರಲಿಲ್ಲ ಎಂಬುದನ್ನು ತಿಳಿದಿದ್ದರೆ ಕಲಿಸುವವರಿಗೆ ಒಳ್ಳೆಯದು. ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು, ಪದಗಳ ಕ್ರಮವೂ ಇಂದಿಗಿಂತ ಸಡಿಲವಾಗಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಪದಾಂತ್ಯದ ಸ್ವರಗಳು ಸವೆದು ಪ್ರತ್ಯಯಗಳು ಒಂದರಂತೆ ಇನ್ನೊಂದು ಕೇಳಿಸತೊಡಗಿದವು, ಕೊನೆಗೆ ಬಹುತೇಕ ಬಿದ್ದೇಹೋದವು. ಅವುಗಳ ಹೊಣೆಯೆಲ್ಲ ಪದಕ್ರಮದ ಮೇಲೆ ಮತ್ತು “ಟು, ಬೈ, ಇನ್, ಫ್ರಮ್” ಮುಂತಾದ ಚಿಕ್ಕ ಪದಗಳ ಮೇಲೆ ಬಂತು. ಹಳೆಯ ವ್ಯವಸ್ಥೆಯ ಗುರುತು ಸರ್ವನಾಮಗಳಲ್ಲಿ ಇನ್ನೂ ಉಳಿದಿದೆ: “ಐ” ಮತ್ತು “ಮೀ”, “ಹೀ” ಮತ್ತು “ಹಿಮ್”, “ದೇ” ಮತ್ತು “ದೆಮ್”. ಇವನ್ನು “ನಾನು–ನನ್ನನ್ನು”, “ಅವನು–ಅವನನ್ನು” ಎಂದು ಜೋಡಿಯಾಗಿಯೇ ಕಲಿಸಿದರೆ ಮಗುವಿಗೆ ಹಿಡಿತ ಸಿಗುತ್ತದೆ.

ಇನ್ನು ಕ್ರಮವನ್ನು ಕಲಿಸುವ ಬಗೆ. ಕನ್ನಡ ಮಾತನಾಡುವ ಮಗುವಿಗೆ ನಾನು ಮೊದಲು ಹೇಳುವ ಸೂತ್ರ ಇದು: ಕನ್ನಡ ವಾಕ್ಯದ ಮೊದಲ ಪದವನ್ನು, ಅಂದರೆ ಕರ್ತೃವನ್ನು, ಇದ್ದಲ್ಲಿಯೇ ಬಿಡು, ಉಳಿದದ್ದನ್ನು ಕೊನೆಯಿಂದ ಹಿಂದಕ್ಕೆ ಓದು. ಮಗಳ ಎರಡನೆಯ ವಾಕ್ಯವನ್ನೇ ತೆಗೆದುಕೊಳ್ಳಿ. “ಅವಳು / ದಿನಾಲೂ / ಸೈಕಲ್ಲಿನಲ್ಲಿ / ಶಾಲೆಗೆ / ಬರುತ್ತಾಳೆ.” ಅವಳು ಎಂಬುದನ್ನು ಹಾಗೇ ಇಟ್ಟು ಹಿಂದಿನಿಂದ ಬನ್ನಿ: “ಶೀ / ಕಮ್ಸ್ / ಟು ಸ್ಕೂಲ್ / ಬೈ ಸೈಕಲ್ / ಎವ್ರಿ ಡೇ.” ಒಂದು ತುಂಡೂ ಆಚೀಚೆ ಆಗದೆ ಇಂಗ್ಲಿಷ್ ವಾಕ್ಯ ಸಿದ್ಧವಾಯಿತು. “ನಾನು ನಿನ್ನೆ ಗ್ರಂಥಾಲಯದಲ್ಲಿ ಒಂದು ಕಥೆ ಓದಿದೆ” ಎಂಬುದೂ ಹಾಗೆಯೇ: “ಐ / ರೆಡ್ / ಎ ಸ್ಟೋರಿ / ಇನ್ ದ ಲೈಬ್ರರಿ / ಯೆಸ್ಟರ್ಡೇ.” ಇನ್ನೂ ಸೂಕ್ಷ್ಮವಾಗಿ ನೋಡಿದರೆ ತುಂಡಿನ ಒಳಗೂ ಇದೇ ತಿರುವು ಇದೆ. “ಶಾಲೆ–ಗೆ” ಎನ್ನುವಲ್ಲಿ “ಗೆ” ಹಿಂದೆ ಬರುತ್ತದೆ, “ಟು ಸ್ಕೂಲ್” ಎನ್ನುವಲ್ಲಿ “ಟು” ಮುಂದೆ ಬರುತ್ತದೆ. “ಓದುತ್ತ ಇದ್ದಾಳೆ” ಎನ್ನುವಲ್ಲಿ ಸಹಾಯಕ ಕ್ರಿಯಾಪದ ಕೊನೆಗೆ, “ಈಸ್ ರೀಡಿಂಗ್” ಎನ್ನುವಲ್ಲಿ ಮೊದಲಿಗೆ. “ನಾನು ಓದಿದ ಪುಸ್ತಕ” ಎನ್ನುವಲ್ಲಿ ಪುಸ್ತಕ ಕೊನೆಗೆ, “ದ ಬುಕ್ ದಟ್ ಐ ರೆಡ್” ಎನ್ನುವಲ್ಲಿ ಮೊದಲಿಗೆ.

ಇದು ಆಕಸ್ಮಿಕವಲ್ಲ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕಾಗಿ ಜಗತ್ತಿನ ಬೇರೆಬೇರೆ ಭಾಗಗಳ 30 ಭಾಷೆಗಳನ್ನು ಆರಿಸಿಕೊಂಡಿದ್ದರು. ಆ ಮೂವತ್ತರಲ್ಲಿ ಕನ್ನಡವೂ ಇತ್ತು. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಗಳಲ್ಲಿ “ಮೇಲೆ, ಕೆಳಗೆ, ಜೊತೆಗೆ” ಎಂಬಂಥ ಸಂಬಂಧಸೂಚಕ ಪದಗಳೂ ಬಹುಪಾಲು ನಾಮಪದದ ನಂತರವೇ ಬರುತ್ತವೆ ಎಂಬುದು ಅವರು ಗುರುತಿಸಿದ ಸಂಗತಿಗಳಲ್ಲಿ ಒಂದು. ಅಂದರೆ ವಾಕ್ಯದ ಒಂದು ಕಡೆಯ ಕ್ರಮ ಗೊತ್ತಾದರೆ ಇನ್ನೊಂದು ಕಡೆಯದನ್ನು ಊಹಿಸಬಹುದು. ನಿಮ್ಮ ಮಗಳು ನೂರು ಬಿಡಿ ನಿಯಮಗಳನ್ನು ಕಲಿಯಬೇಕಿಲ್ಲ; ಒಂದು ದೊಡ್ಡ ತಿರುವನ್ನು ಕಲಿತರೆ ಬಹಳಷ್ಟು ಚಿಕ್ಕ ತಿರುವುಗಳು ಅದರ ಹಿಂದೆಯೇ ಬರುತ್ತವೆ.

ಆದರೂ ಈ ಸೂತ್ರಕ್ಕೆ ಮಿತಿಗಳಿವೆ, ಅವನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ವಿಶೇಷಣಗಳು ತಿರುಗುವುದಿಲ್ಲ: “ಕೆಂಪು ಚೆಂಡು” ಎಂಬುದು “ರೆಡ್ ಬಾಲ್” ಎಂದೇ ಇರುತ್ತದೆ, “ನನ್ನ ಎರಡು ಹೊಸ ಪುಸ್ತಕಗಳು” ಎಂಬುದು “ಮೈ ಟೂ ನ್ಯೂ ಬುಕ್ಸ್” ಎಂದೇ. ಕಾಲವನ್ನು ಹೇಳುವ ಪದ ಇಂಗ್ಲಿಷಿನಲ್ಲೂ ವಾಕ್ಯದ ತಲೆಯಲ್ಲಿ ನಿಲ್ಲಬಹುದು, “ಯೆಸ್ಟರ್ಡೇ ಐ ರೆಡ್ ಎ ಸ್ಟೋರಿ” ಎಂಬುದು ಸರಿಯಾದ ವಾಕ್ಯವೇ. ನಿಲ್ಲಬಾರದ ಜಾಗವೆಂದರೆ ಕ್ರಿಯಾಪದಕ್ಕೂ ಆಬ್ಜೆಕ್ಟಿಗೂ ನಡುವಿನದು. “ಐ ರೆಡ್ ಯೆಸ್ಟರ್ಡೇ ಎ ಸ್ಟೋರಿ” ಎಂದು ಬರೆದರೆ ತಿದ್ದಬೇಕು. “ಆಲ್ವೇಸ್”, “ಆಫನ್”, “ನೆವರ್” ಎಂಬ ಕೆಲವು ಪದಗಳು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಮುಂದೆ ನಿಲ್ಲುತ್ತವೆ. ಅವನ್ನು ನಿಯಮವಾಗಿ ಹೇಳದೆ “ಶೀ ಆಲ್ವೇಸ್ ಕಮ್ಸ್ ಅರ್ಲಿ” ಎಂಬಂಥ ಒಂದೆರಡು ವಾಕ್ಯಗಳನ್ನು ಬಾಯಿಪಾಠ ಮಾಡಿಸಿದರೆ ಸಾಕು.

ಮಗಳ ಮೊದಲ ವಾಕ್ಯಕ್ಕೆ ಬರೋಣ. “ಮೈ ಫ್ರೆಂಡ್ ವೆರಿ ಟಾಲ್” ಎಂಬಲ್ಲಿ ಪದಕ್ರಮ ಸರಿಯಾಗಿದೆ, ಕ್ರಿಯಾಪದವೇ ಇಲ್ಲ. ಕನ್ನಡಕ್ಕೆ ಅದರ ಅಗತ್ಯವಿಲ್ಲ: “ಅವನು ನನ್ನ ತಮ್ಮ”, “ಇದು ದೊಡ್ಡ ಮರ”, “ಆಕೆ ವೈದ್ಯೆ” ಇವೆಲ್ಲ ಪೂರ್ಣ ವಾಕ್ಯಗಳು. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದೆ ವಾಕ್ಯವೇ ಇಲ್ಲ, ಹಾಗಾಗಿ ಹೇಳಲು ಕ್ರಿಯೆ ಏನೂ ಇಲ್ಲದಿದ್ದಾಗ “ಆ್ಯಮ್, ಈಸ್, ಆರ್” ಎಂಬವು ಆ ಸ್ಥಾನವನ್ನು ತುಂಬುತ್ತವೆ. ಇದಕ್ಕೆ ಸುಲಭದ ಪರೀಕ್ಷೆಯಿದೆ. ಬರೆದ ಪ್ರತಿ ವಾಕ್ಯದಲ್ಲೂ ಕ್ರಿಯಾಪದದ ಕೆಳಗೆ ಗೆರೆ ಎಳೆಯಲು ಹೇಳಿ; ಗೆರೆ ಎಳೆಯಲು ಏನೂ ಸಿಗದಿದ್ದರೆ ವಾಕ್ಯ ಇನ್ನೂ ಮುಗಿದಿಲ್ಲವೆಂದು ಅವಳಿಗೇ ತಿಳಿಯುತ್ತದೆ. ಇದರ ಎದುರು ದಿಕ್ಕಿನ ತಪ್ಪೂ ಕೆಲವು ದಿನಗಳ ನಂತರ ಬಂದೇ ಬರುತ್ತದೆ: “ಈಸ್” ಕಲಿತ ಹುಮ್ಮಸ್ಸಿನಲ್ಲಿ ಮಗು “ಶೀ ಈಸ್ ಕಮ್ಸ್” ಎಂದು ಬರೆಯುತ್ತದೆ. ಅದು ಕಲಿಕೆ ಮುಂದುವರಿದಿದೆ ಎಂಬುದರ ಲಕ್ಷಣ, ಗಾಬರಿಯಾಗಬೇಡಿ. ಒಂದು ವಾಕ್ಯದಲ್ಲಿ ಎರಡು ಕಡೆ ಗೆರೆ ಬಿದ್ದಿದೆ, ಎರಡರಲ್ಲಿ ಯಾವುದು ಬೇಕು ಎಂದು ಕೇಳಿ.

ನಾಲ್ಕನೆಯ ವಾಕ್ಯದಲ್ಲಿ, “ಯೆಸ್ಟರ್ಡೇ ಡಿಡ್ ನಾಟ್ ಕೇಮ್” ಎಂಬಲ್ಲಿ, ಕರ್ತೃ ಇಲ್ಲ. “ಬಂದೆ”, “ಬಂದಳು”, “ಬಂದರು” ಎಂಬ ಒಂದೊಂದು ಪದದಲ್ಲೇ ಬಂದವರು ಯಾರೆಂಬುದನ್ನು ಕನ್ನಡ ಹೇಳಿಬಿಡುತ್ತದೆ. “ಕೇಮ್” ಎಂಬುದರಲ್ಲಿ ಅಂಥ ಸುಳಿವು ಏನೂ ಇಲ್ಲ, ಬಂದವರು ಯಾರು ಬೇಕಾದರೂ ಆಗಬಹುದು. ಆದ್ದರಿಂದ ಆಜ್ಞೆ ಮಾಡುವ “ಕಮ್ ಹಿಯರ್”, “ಸಿಟ್ ಡೌನ್” ಎಂಬಂಥ ವಾಕ್ಯಗಳನ್ನು ಬಿಟ್ಟರೆ ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಕಡ್ಡಾಯ. ಕರ್ತೃವಿನ ಜಾಗ ರೈಲಿನಲ್ಲಿ ಕಾದಿರಿಸಿದ ಆಸನದಂತೆ: ಬರಬೇಕಾದವರು ಇಲ್ಲದಿದ್ದರೂ ಅಲ್ಲಿ ಒಂದು ಟವೆಲ್ಲನ್ನಾದರೂ ಹಾಕಿ ಜಾಗ ಹಿಡಿಯಲೇಬೇಕು. “ಇಟ್ ಈಸ್ ರೇನಿಂಗ್” ಎಂಬಲ್ಲಿನ “ಇಟ್” ಅಂಥದ್ದು. ಸುರಿಯುತ್ತಿರುವುದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. “ಇಟ್ ಈಸ್ ಟೆನ್ ಓ ಕ್ಲಾಕ್”, “ಇಟ್ ಈಸ್ ಹಾಟ್ ಟುಡೇ” ಎಂಬವೂ ಹಾಗೆಯೇ. “ಮೇಜಿನ ಮೇಲೆ ಒಂದು ಪುಸ್ತಕ ಇದೆ” ಎಂಬುದನ್ನು “ದೇರ್ ಈಸ್ ಎ ಬುಕ್ ಆನ್ ದ ಟೇಬಲ್” ಎನ್ನುವಾಗ “ದೇರ್” ಕೂಡ ಸ್ಥಳವನ್ನು ತೋರಿಸುವುದಿಲ್ಲ, ಸ್ಥಾನವನ್ನು ತುಂಬುತ್ತದೆ.

ಮೂರನೆಯ ವಾಕ್ಯವನ್ನು ನಾನು ಹೆಚ್ಚು ಗಂಭೀರವಾಗಿ ನೋಡುತ್ತೇನೆ, ಏಕೆಂದರೆ ಇಲ್ಲಿ ತಿರುವಿನ ಸೂತ್ರವೂ ಕೈಕೊಡುತ್ತದೆ. “ನನಗೆ ಇಷ್ಟ”, “ನನಗೆ ಗೊತ್ತು”, “ನನಗೆ ಬೇಕು”, “ನನಗೆ ಹಸಿವಾಗಿದೆ”, “ನನಗೆ ಜ್ವರ ಬಂದಿದೆ”, “ನನಗೆ ಇಬ್ಬರು ತಮ್ಮಂದಿರಿದ್ದಾರೆ”: ಮನಸ್ಸಿನ ಅಥವಾ ದೇಹದ ಸ್ಥಿತಿಯನ್ನು ಹೇಳುವಾಗ ಕನ್ನಡವು ಆ ವ್ಯಕ್ತಿಯನ್ನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲಿಸುತ್ತದೆ. ಆ ಅನುಭವ ಅವನಲ್ಲಿಗೆ ಬಂದು ಸೇರಿದಂತೆ ಮಾತು. ಇಂಗ್ಲಿಷಿನಲ್ಲಿ ಇವೆಲ್ಲವೂ “ಐ” ಎಂಬ ಕರ್ತೃವಿನಿಂದಲೇ ಆರಂಭವಾಗುತ್ತವೆ: “ಐ ಲೈಕ್ ಇಟ್”, “ಐ ನೋ”, “ಐ ವಾಂಟ್ ಇಟ್”, “ಐ ಆ್ಯಮ್ ಹಂಗ್ರಿ”, “ಐ ಹ್ಯಾವ್ ಎ ಫೀವರ್”, “ಐ ಹ್ಯಾವ್ ಟೂ ಬ್ರದರ್ಸ್.” ಈ ಆರು ವಾಕ್ಯಗಳನ್ನು ಒಟ್ಟಿಗೆ ಒಂದು ಹಾಳೆಯಲ್ಲಿ ಬರೆದು, ಎಡಗಡೆ “ನನಗೆ”, ಬಲಗಡೆ “ಐ” ಎಂಬುದು ಎದ್ದು ಕಾಣುವಂತೆ ಬಣ್ಣ ಹಚ್ಚಿಸಿ. “ನನಗೆ” ಎಂದ ಕೂಡಲೇ “ಟು ಮೀ” ಎಂದು ಕೈ ಓಡುವ ಅಭ್ಯಾಸ ಇದರಿಂದ ಬೇಗ ಹೋಗುತ್ತದೆ. “ವೆರಿ ಲೈಕ್” ಬಗ್ಗೆ ಇಷ್ಟೇ: “ವೆರಿ” ಕ್ರಿಯಾಪದಕ್ಕೆ ಅಂಟುವುದಿಲ್ಲ, “ಐ ಲೈಕ್ ಹರ್ ವೆರಿ ಮಚ್” ಎಂಬುದನ್ನು ಇಡಿಯಾಗಿ ಕಲಿಯಲಿ.

ಇನ್ನು ಉಳಿದಿರುವುದು “ಡಿಡ್ ನಾಟ್ ಕೇಮ್.” ಇದು ಶಾಲಾಮಕ್ಕಳ ಬರಹದಲ್ಲಿ ಬಹಳ ಕಾಲ ಉಳಿಯುವ ತಪ್ಪು. ಸಾಮಾನ್ಯವಾಗಿ “ಡಿಡ್ ಬಂದರೆ ವರ್ಬಿನ ಮೊದಲ ರೂಪ ಬರೆಯಬೇಕು” ಎಂಬ ನಿಯಮ ಹೇಳಿ ಮುಂದೆ ಹೋಗುತ್ತಾರೆ. ಮಗು ನಿಯಮವನ್ನು ಒಪ್ಪಿಸುತ್ತದೆ, ಬರೆಯುವಾಗ ಮರೆಯುತ್ತದೆ. ಇದಕ್ಕೆ ಕಾರಣವನ್ನು ಅವಳದೇ ಭಾಷೆಯಲ್ಲಿ ತೋರಿಸಬಹುದು. “ಬಂದಳು” ಎಂಬುದರ ನಿಷೇಧ ರೂಪವೇನು? “ಬಂದಳಿಲ್ಲ” ಅಲ್ಲ, “ಬರಲಿಲ್ಲ.” ನಿನ್ನೆಯ ಮಾತಾದರೂ ಭೂತಕಾಲದ “ಬಂದ” ಎಂಬ ರೂಪ ಅಲ್ಲಿ ಕಾಣಿಸುವುದಿಲ್ಲ, “ಬರಲು” ಎಂಬ ಕಾಲವಿಲ್ಲದ ರೂಪ ಬಂದು ಕೂರುತ್ತದೆ. ನಾನು ಬರಲಿಲ್ಲ, ನೀನು ಬರಲಿಲ್ಲ, ಅವರು ಬರಲಿಲ್ಲ: ಯಾರೇ ಆದರೂ ರೂಪ ಒಂದೇ. ಇಂಗ್ಲಿಷಿನಲ್ಲೂ ಹೀಗೆಯೇ ನಡೆಯುತ್ತದೆ: “ಕೇಮ್” ಎಂಬುದು ತನ್ನ ಭೂತಕಾಲವನ್ನು “ಡಿಡ್”ಗೆ ಒಪ್ಪಿಸಿ ತಾನು “ಕಮ್” ಆಗಿ ಉಳಿಯುತ್ತದೆ, ಮತ್ತು “ಡಿಡ್ ನಾಟ್ ಕಮ್” ಎಂಬುದು ಎಲ್ಲರಿಗೂ ಒಂದೇ. ಎರಡು ಭಾಷೆಗಳು ಅಪರೂಪಕ್ಕೆ ಒಂದೇ ದಾರಿಯಲ್ಲಿ ನಡೆಯುವ ಈ ಜಾಗವನ್ನು ಪಾಠದಲ್ಲಿ ಬಳಸಿಕೊಳ್ಳದೆ ಬಿಡುವುದು ನನಗಂತೂ ನಷ್ಟವೆಂದೇ ತೋರುತ್ತದೆ.

“ಕೇಮ್” ಎಂಬುದನ್ನು “ಡಿಡ್” ಮತ್ತು “ಕಮ್” ಎಂದು ಬಿಡಿಸಲು ಬಂದರೆ ಪ್ರಶ್ನೆವಾಕ್ಯಕ್ಕೆ ಅರ್ಧ ದಾರಿ ಸವೆದಂತೆ. ಮೊದಲು ಸಹಾಯಕ ಕ್ರಿಯಾಪದ ಕಣ್ಣಿಗೆ ಕಾಣುವ ವಾಕ್ಯಗಳನ್ನು ತೆಗೆದುಕೊಳ್ಳಿ. “ಶೀ ಈಸ್ ರೀಡಿಂಗ್” ಎಂಬುದು “ಈಸ್ ಶೀ ರೀಡಿಂಗ್?” ಆಗುತ್ತದೆ; “ಶೀ ಕ್ಯಾನ್ ಸ್ವಿಮ್” ಎಂಬುದು “ಕ್ಯಾನ್ ಶೀ ಸ್ವಿಮ್?” ಆಗುತ್ತದೆ. ಚೀಟಿಗಳಲ್ಲಿ ಬರೆದಿದ್ದರೆ ಮಗು ಎರಡು ಬೆರಳಿನಲ್ಲಿ ಎರಡು ಚೀಟಿಗಳನ್ನು ಹಿಡಿದು ಜಾಗ ಬದಲಾಯಿಸಿದರೆ ಆಯಿತು. ಬಳಿಕ “ಶೀ ಕೇಮ್” ಕೊಡಿ. ಜಾಗ ಬದಲಾಯಿಸಲು ಸಹಾಯಕ ಕ್ರಿಯಾಪದವೇ ಇಲ್ಲ. ಆಗ ಕೇಮ್ ಚೀಟಿಯನ್ನು ಎತ್ತಿಟ್ಟು “ಡಿಡ್” ಮತ್ತು “ಕಮ್” ಎಂಬ ಎರಡು ಚೀಟಿಗಳನ್ನು ಅದರ ಬದಲಿಗೆ ಇಡಬೇಕು, ಡಿಡ್ ಚೀಟಿಯನ್ನು ಮುಂದಕ್ಕೆ ಸರಿಸಬೇಕು: “ಡಿಡ್ ಶೀ ಕಮ್?” ಇದೇ ರೀತಿ “ಶೀ ರೀಡ್ಸ್” ಎಂಬುದು “ಡಸ್” ಮತ್ತು “ರೀಡ್” ಎಂದು ಬಿಡಿಸಿಕೊಳ್ಳುತ್ತದೆ, “ರೀಡ್ಸ್” ಕೊನೆಯಲ್ಲಿದ್ದ “ಸ್” ಡಸ್‌ನ ಕೊನೆಗೆ ಹೋಗಿ ಸೇರಿರುವುದನ್ನು ಮಗುವಿಗೆ ಬೆರಳಿಟ್ಟು ತೋರಿಸಿ. “ವೈ”, “ವೇರ್”, “ವೆನ್” ಮುಂತಾದ ಪ್ರಶ್ನಪದಗಳನ್ನು ಇಷ್ಟೆಲ್ಲ ಆದ ಮೇಲೆ ತಲೆಗೆ ಸೇರಿಸಿದರಾಯಿತು: “ವೈ ಡಿಡ್ ಶೀ ನಾಟ್ ಕಮ್?” ಮಾತಿನಲ್ಲಿ ಇದನ್ನು “ವೈ ಡಿಡಂಟ್ ಶೀ ಕಮ್?” ಎನ್ನುವುದೇ ಹೆಚ್ಚು. ಒಂದು ಅಪವಾದವಿದೆ. ಪ್ರಶ್ನಪದವೇ ಕರ್ತೃವಾಗಿದ್ದರೆ ಯಾವ ಸ್ಥಳಾಂತರವೂ ಬೇಡ, “ಯಾರು ಬಂದರು?” ಎಂಬುದು “ಹೂ ಕೇಮ್?” ಅಷ್ಟೇ.

ಕನ್ನಡದಲ್ಲಿ ಪ್ರಶ್ನೆ ಮಾಡಲು “ಬಂದಳೇ?”, “ಬಂದಳಾ?” ಎಂದು ಕೊನೆಯ ಸ್ವರ ಬದಲಾಯಿಸಿದರೆ ಸಾಕು, ಪದಗಳು ಅಲುಗಾಡುವುದಿಲ್ಲ. ಆದ್ದರಿಂದ ಪ್ರಶ್ನೆಯ ಸ್ಥಳಾಂತರ ನಮ್ಮ ಮಕ್ಕಳಿಗೆ ಸಂಪೂರ್ಣ ಹೊಸದು, ಅದಕ್ಕೆ ಬೇರೆ ಯಾವ ಅಂಶಕ್ಕಿಂತಲೂ ಹೆಚ್ಚು ದಿನ ಬೇಕಾಗುತ್ತದೆ.

ಕ್ರಿಯಾಪದದ ಕೊನೆಯ “ಸ್” ಬಗ್ಗೆ ಸ್ವಲ್ಪ. ಓದುತ್ತೇನೆ, ಓದುತ್ತೀಯ, ಓದುತ್ತಾನೆ, ಓದುತ್ತಾಳೆ, ಓದುತ್ತದೆ, ಓದುತ್ತೇವೆ, ಓದುತ್ತಾರೆ ಎಂದು ಏಳೆಂಟು ರೂಪಗಳನ್ನು ಲೀಲಾಜಾಲವಾಗಿ ಬಳಸುವ ಮಗುವಿಗೆ ಇಂಗ್ಲಿಷಿನ ವರ್ತಮಾನದಲ್ಲಿ “ರೀಡ್” ಮತ್ತು “ರೀಡ್ಸ್” ಎಂಬ ಎರಡೇ ರೂಪಗಳಿರುವುದು ತೀರ ಸುಲಭವಾಗಬೇಕಿತ್ತು, ಆದರೆ ಅದೇ ಕಷ್ಟ. ಎಲ್ಲ ಕಡೆಯೂ ಇಲ್ಲದ ಪ್ರತ್ಯಯ ಒಂದೇ ಕಡೆ ಇದ್ದರೆ ಮರೆತುಹೋಗುತ್ತದೆ. ಅದರ ಜೊತೆಗೆ ನಿಮ್ಮ ಮಗಳ “ಕಮಿಂಗ್” ಕೂಡ ಇಲ್ಲಿಯೇ ಬರುತ್ತದೆ. “ಎವ್ರಿ ಡೇ” ಎಂಬ ಪದ ಇದ್ದ ಕಡೆ “ಕಮ್ಸ್”, “ನೌ” ಎಂಬ ಪದ ಇದ್ದ ಕಡೆ “ಈಸ್ ಕಮಿಂಗ್” ಎಂದು ಈ ಎರಡು ಪದಗಳ ಜೊತೆಗೇ ಕ್ರಿಯಾಪದವನ್ನು ಕಟ್ಟಿ ಕಲಿಸಿ. ಹನ್ನೆರಡು ಕಾಲರೂಪಗಳ ಪಟ್ಟಿ ಈ ವಯಸ್ಸಿಗೆ ಬೇಡ.

ಕ್ರಮ, ಕರ್ತೃ, ಕ್ರಿಯಾಪದ ಇವು ಕೈಗೆ ಹತ್ತಿದ ಮೇಲೆ ಕ್ರಿಯಾಪದದ ನಂತರ ಏನು ಬರಬೇಕು ಎಂಬ ಪ್ರಶ್ನೆ ಏಳುತ್ತದೆ. ವ್ಯಾಕರಣಕಾರರು ಇದನ್ನು ಐದು ಮಾದರಿಗಳೆಂದು ಹೇಳುವುದುಂಟು, ಏಳೆಂದು ಎಣಿಸುವವರೂ ಇದ್ದಾರೆ. ಮಗುವಿಗೆ ಸಂಖ್ಯೆ ಮುಖ್ಯವಲ್ಲ. ಕೆಲವು ಕ್ರಿಯಾಪದಗಳ ನಂತರ ಏನೂ ಬೇಕಿಲ್ಲ, “ದ ಬೇಬಿ ಸ್ಲೀಪ್ಸ್.” ಕೆಲವಕ್ಕೆ ಒಂದು ಆಬ್ಜೆಕ್ಟ್ ಬೇಕು, “ಶೀ ಓಪನ್ಡ್ ದ ಡೋರ್.” “ಈಸ್”, “ಬಿಕೇಮ್”, “ಲುಕ್ಸ್” ಎಂಬಂಥವಕ್ಕೆ ಕರ್ತೃವನ್ನೇ ವರ್ಣಿಸುವ ಪದ ಬೇಕು, “ಹೀ ಲುಕ್ಸ್ ಟಯರ್ಡ್.” “ದೇ ಮೇಡ್ ಹರ್ ಕ್ಯಾಪ್ಟನ್” ಎಂಬಲ್ಲಿ ಆಬ್ಜೆಕ್ಟ್ ಮತ್ತು ಅದರ ವರ್ಣನೆ ಎರಡೂ ಇವೆ, ಇದನ್ನು ದೊಡ್ಡ ತರಗತಿಗೆ ಬಿಡಬಹುದು. ಆದರೆ “ಗಿವ್”, “ಶೋ”, “ಟೆಲ್” ಎಂಬ ಕ್ರಿಯಾಪದಗಳ ಮಾದರಿಯನ್ನು ಈಗಲೇ ನೋಡುವುದು ಲಾಭ. “ಶೀ ಗೇವ್ ಮೀ ಎ ಪೆನ್” ಎಂಬಲ್ಲಿ “ಮೀ” ಎಂದರೆ “ನನಗೆ”. ಆ “ಗೆ” ಎಲ್ಲಿಯೂ ಕಾಣುವುದಿಲ್ಲ, ಕ್ರಿಯಾಪದದ ಪಕ್ಕದ ಜಾಗವೇ ಅದನ್ನು ಹೇಳುತ್ತದೆ. ಎರಡೂ ಪದಗಳ ಜಾಗ ಬದಲಾಯಿಸಿದ ಕೂಡಲೇ “ಟು” ಬೇಕಾಗುತ್ತದೆ: “ಶೀ ಗೇವ್ ಎ ಪೆನ್ ಟು ಮೀ.”

ಅಭ್ಯಾಸಕ್ಕೆ ಹಳೆಯದಾದರೂ ಗಟ್ಟಿಯಾದ ಒಂದು ವಿಧಾನವಿದೆ. ಹಾಳೆಯಲ್ಲಿ ನಾಲ್ಕು ಕಂಬಸಾಲು ಹಾಕಿ. ಮೊದಲನೆಯದರಲ್ಲಿ “ಐ, ವಿ, ದೇ, ಮೈ ಫ್ರೆಂಡ್ಸ್”, ಎರಡನೆಯದರಲ್ಲಿ “ರೀಡ್, ಡ್ರಾ, ರೈಟ್”, ಮೂರನೆಯದರಲ್ಲಿ “ಸ್ಟೋರೀಸ್, ಪಿಕ್ಚರ್ಸ್, ಲೆಟರ್ಸ್”, ನಾಲ್ಕನೆಯದರಲ್ಲಿ “ಅಟ್ ಹೋಮ್, ಇನ್ ಕ್ಲಾಸ್, ಆನ್ ಸಂಡೇಸ್.” ಪ್ರತಿ ಸಾಲಿನಿಂದ ಒಂದೊಂದನ್ನು ಆರಿಸಿ ವಾಕ್ಯ ಮಾಡಬೇಕು. “ರೀಡ್ ಪಿಕ್ಚರ್ಸ್” ಎಂಬಂಥ ವಿಚಿತ್ರ ಜೋಡಿ ಬಂದಾಗ ಮಗು ನಗುತ್ತದೆ, ನಗಲಿ. ಕ್ರಮ ಮಾತ್ರ ಎಂದೂ ತಪ್ಪುವುದಿಲ್ಲ. ಕೆಲವು ದಿನಗಳ ಬಳಿಕ ಮೊದಲ ಸಾಲಿಗೆ “ಮೈ ಸಿಸ್ಟರ್” ಸೇರಿಸಿ, ಎರಡನೆಯ ಸಾಲಿನಲ್ಲಿ ಏನು ಬದಲಾಗಬೇಕು ಎಂದು ಕೇಳಿ. ಇಂಥ ಪಟ್ಟಿಗಳನ್ನು ಇಂಗ್ಲಿಷ್ ಬೋಧನೆಯಲ್ಲಿ ವ್ಯವಸ್ಥಿತವಾಗಿ ಬಳಸಿದವರಲ್ಲಿ ಪ್ರಮುಖರು ಹೆರಾಲ್ಡ್ ಪಾಮರ್. ಅವರು 1916ರಲ್ಲಿ ಇಂಥ ನೂರು ಪಟ್ಟಿಗಳನ್ನು ಪ್ರಕಟಿಸಿದರು, 1922ರಿಂದ ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸಲಹೆಗಾರರಾಗಿದ್ದರು. ಜಪಾನಿ ಭಾಷೆಯಲ್ಲೂ ಕನ್ನಡದಂತೆಯೇ ಕ್ರಿಯಾಪದ ಕೊನೆಗೆ ಬರುತ್ತದೆ ಎಂಬುದನ್ನು ನೆನೆದರೆ, ಅಲ್ಲಿನ ಮಕ್ಕಳ ತೊಡಕೂ ನಿಮ್ಮ ಮಗಳದೂ ದೂರದ್ದಲ್ಲ. ಇದರ ದೋಷವೂ ಗೊತ್ತಿರಲಿ: ಪಟ್ಟಿಯಿಂದ ಆರಿಸುವುದು ಬರೆಯುವುದಕ್ಕೆ ಸಮನಲ್ಲ. ಪ್ರತಿ ಸಲವೂ ಕೊನೆಯಲ್ಲಿ ಪಟ್ಟಿಯನ್ನು ಮಡಚಿಟ್ಟು, ಅದರಲ್ಲಿಲ್ಲದ ತನ್ನದೇ ಎರಡು ವಾಕ್ಯಗಳನ್ನು ಅವಳು ಬರೆಯಬೇಕು.

ತಿದ್ದುವಾಗ ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಈ ವಾರ ಕ್ರಿಯಾಪದದ ಸ್ಥಾನವೆಂದರೆ ಅದೊಂದೇ. ಅದೇ ಪುಟದಲ್ಲಿ ಸ್ಪೆಲ್ಲಿಂಗ್ ತಪ್ಪಿದ್ದರೂ, “ಸ್” ಬಿಟ್ಟಿದ್ದರೂ ಕೆಂಪು ಗೆರೆ ಬೇಡ. ಪುಟವಿಡೀ ಕೆಂಪಾದರೆ ಮಗುವಿಗೆ ಯಾವುದು ಮುಖ್ಯವೆಂದು ತಿಳಿಯುವುದಿಲ್ಲ, ಬರೆಯುವುದನ್ನೇ ಕಡಿಮೆ ಮಾಡುತ್ತದೆ. ತಪ್ಪಾಗಬಾರದೆಂದು ಮೂರು ಪದದ ವಾಕ್ಯಗಳಲ್ಲೇ ಉಳಿದುಬಿಡುವ ಮಕ್ಕಳು ಬಹಳ.

ಕನ್ನಡದಲ್ಲಿ ವಿವರಿಸಬಹುದೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಈವರೆಗಿನ ವಿವರಣೆಯಲ್ಲೇ ನನ್ನ ಅಭಿಪ್ರಾಯವಿದೆ. ವಿವರಣೆ ಕನ್ನಡದಲ್ಲಿರಲಿ, ಅಭ್ಯಾಸ ಇಂಗ್ಲಿಷಿನಲ್ಲಿರಲಿ. ಮನೆಯಲ್ಲಿ ಕನ್ನಡ ಬಿಡಿಸಿದ ಮಾತ್ರಕ್ಕೆ ಮಗುವಿನ ಮನಸ್ಸಿನಲ್ಲಿರುವ ಕನ್ನಡದ ವಾಕ್ಯಕ್ರಮ ಹೋಗುವುದಿಲ್ಲ, ಅದು ಕಾಣದೆ ಕೆಲಸ ಮಾಡುತ್ತಿರುತ್ತದೆ. ಎರಡನ್ನೂ ಎದುರುಬದುರು ಇಟ್ಟು ತೋರಿಸಿದರೆ ಎಲ್ಲಿ ಜಾರುತ್ತೇನೆಂದು ಅವಳಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವುದು ಆಜ್ಞೆಯಿಂದ ಬರುವ ಸಂಗತಿಯಲ್ಲ. ಅವಳ ಮಟ್ಟಕ್ಕಿಂತ ತುಸು ಸುಲಭವಾದ ಕಥೆಪುಸ್ತಕಗಳನ್ನು ದಿನಾಲೂ ಒಂದೆರಡು ಪುಟ ಗಟ್ಟಿಯಾಗಿ ಓದಿಸಿ. ಕಿವಿಗೆ ಕ್ರಮ ಒಗ್ಗಿದಂತೆ ಹಿಂದಿನಿಂದ ಓದುವ ಸೂತ್ರದ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ, ಆಗ ಅದನ್ನು ನೆನಪಿಸಲು ಹೋಗಬೇಡಿ.

ಕೊನೆಯದಾಗಿ, ಸದ್ಯಕ್ಕೆ ಬಿಟ್ಟುಬಿಡಬಹುದಾದವು. “ಎ” ಮತ್ತು “ದ” ಎಲ್ಲಿ ಬಳಸಬೇಕೆಂಬುದನ್ನು ಕನ್ನಡದಂಥ, ಇವಕ್ಕೆ ಸಮನಾದ ಪದಗಳಿಲ್ಲದ ಭಾಷೆಯವರು ವರ್ಷಗಟ್ಟಲೆ ಕಲಿಯುತ್ತಲೇ ಇರುತ್ತಾರೆ. ಮೊದಲ ಸಲ ಹೇಳುವಾಗ “ಎ”, ಯಾವುದೆಂದು ಕೇಳುವವರಿಗೆ ತಿಳಿದ ಮೇಲೆ “ದ” ಎಂಬಷ್ಟು ಈಗ ಸಾಕು. ವಾಕ್ಯಗಳನ್ನು ಸೇರಿಸಲು “ಆ್ಯಂಡ್”, “ಬಟ್”, “ಬಿಕಾಸ್” ಈ ಮೂರು ಸಾಕು, ಅದರಲ್ಲೂ “ಬಿಕಾಸ್” ಬಂದಾಗ ಕಾರಣ ನಂತರ ಬರುತ್ತದೆ, “ಆದ್ದರಿಂದ” ಎನ್ನುವಾಗಿನಂತೆ ಮೊದಲಲ್ಲ ಎಂಬುದನ್ನು ತೋರಿಸಿ: “ಶೀ ಡಿಡ್ ನಾಟ್ ಕಮ್ ಬಿಕಾಸ್ ಶೀ ವಾಸ್ ಇಲ್.” ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್ ಎಂಬ ಪಾಠಗಳು ಪಠ್ಯದಲ್ಲಿದ್ದರೆ ಪರೀಕ್ಷೆಗೆ ಬೇಕಾದಷ್ಟು ಮಾಡಿಸಿ, ಅದಕ್ಕಾಗಿ ಪ್ರಶ್ನೆವಾಕ್ಯದ ಅಭ್ಯಾಸವನ್ನು ನಿಲ್ಲಿಸಬೇಡಿ. ಗೆಳತಿಯ ಬಗೆಗಿನ ಆ ಐದು ಸಾಲುಗಳನ್ನು ಎರಡು ತಿಂಗಳ ನಂತರ, ಹಳೆಯ ಹಾಳೆಯನ್ನು ತೋರಿಸದೆ, ಮತ್ತೆ ಬರೆಸಿ. ಯಾವ ತಪ್ಪು ಹೋಗಿದೆ, ಯಾವುದು ಉಳಿದಿದೆ ಎಂಬುದನ್ನು ನೋಡಿಕೊಂಡು ಮುಂದಿನ ಪಾಠ ಯಾವುದೆಂದು ನಿರ್ಧರಿಸಬಹುದು.